ಶಿವಬಸಮ್ಮ ಆರಿಸಿ ತಂದ ಕಂಪ್ಯೂಟರ್

ಶಹಾಪುರದ ನೀರು ಪರೀಕ್ಷೆಯ ಕೇಂದ್ರದಲ್ಲಿ ಶಿವಬಸಮ್ಮನಿಗೆ ಎಲ್ಲರೂ ಬೇಕಾದವರೇ, ಗುಲಫಶಾ ಒಬ್ಬಳನ್ನು ಬಿಟ್ಟು. ಹಾಗೆಂದು ಗುಲಫಶಾ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಶಿವಬಸಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಹೋಗಿ ಗಂಡನ ಮುಂದೆ ಬೈದು, ಬಿಸಿ ರೊಟ್ಟಿ ಉಂಡು, ನೆಮ್ಮದಿಯಾಗಿ ಮಲಗಬಹುದಿತ್ತು. ಬೈಯಲು ಏನೂ ಸಿಗದ ಹೆಂಗಸನ್ನು ದಿನಾ ಎದುರಿಗೆ ಕೂರಿಸಿಕೊಂಡು ಕೆಲಸ ಮಾಡುವುದಿದೆಯಲ್ಲ, ಆ ಸಂಕಟ ಯಾರಿಗೂ ಹೇಳಿಕೊಳ್ಳುವಂಥದಲ್ಲ.

ಕೇಂದ್ರಕ್ಕೆ ಮೊದಲು ಬಂದವಳು ಶಿವಬಸಮ್ಮನೇ. ಸುರಪುರದ ಹೆಣ್ಣುಮಗಳು, ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು. ಒಂದು ಸಂಸ್ಥೆಯವರು ಎರಡು ಬಾಡಿಗೆ ಕೋಣೆಗಳಲ್ಲಿ ಈ ಕೇಂದ್ರ ತೆರೆದಾಗ ಕೆಲಸಕ್ಕೆ ಸೇರಿದಳು. ಅಂದಿನಿಂದ ದಿನಾ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿ ಬರುತ್ತಾಳೆ, ಸಂಜೆ ಹೋಗುತ್ತಾಳೆ. ಊರೂರಿನ ಕೊಳವೆಬಾವಿಯ ನೀರು ಬಾಟಲಿಗಳಲ್ಲಿ ಬರುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ ಹೇಳುವುದು ಕೇಂದ್ರದ ಮುಖ್ಯ ಕೆಲಸ. ಹೆಚ್ಚಾದರೆ ಮಕ್ಕಳ ಹಲ್ಲು ಕಂದುಗಟ್ಟುತ್ತವೆ, ವಯಸ್ಸಾದವರ ಕೀಲು ಹಿಡಿದುಕೊಳ್ಳುತ್ತವೆ. ಗಾಜಿನ ಟ್ಯೂಬಿನಲ್ಲಿ ನೀರು ಹಾಕಿ ಕೆಂಪು ದ್ರಾವಣ ಬೆರೆಸಬೇಕು. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ತೆಳುವಾಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ದ್ರಾವಣ ಒಂದು ಹನಿ ಹೆಚ್ಚು ಕಡಿಮೆಯಾದರೂ ಲೆಕ್ಕವೆಲ್ಲ ತಪ್ಪುತ್ತದೆ. ಶಿವಬಸಮ್ಮನ ಕೈ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಬಣ್ಣ ಎಷ್ಟು ತೆಳುವಾಯಿತೆಂದು ಅಳೆಯಲು ಒಂದು ಯಂತ್ರವಿತ್ತು. ಎಲ್ಲೋ ಬಾಗಿಲು ಹಾಕಿದ ಕಾರ್ಖಾನೆಯವರು ದಾನ ಕೊಟ್ಟದ್ದು. ಟ್ಯೂಬಿನ ಮೂಲಕ ಬೆಳಕು ಹಾಯಿಸಿ ಅಳೆಯುತ್ತಿತ್ತು. ಅಳೆಯುವುದನ್ನೇನೋ ಸರಿಯಾಗಿ ಅಳೆಯುತ್ತಿತ್ತು, ಆದರೆ ಅಂಕಿ ತೋರಿಸುವ ಮುಂದಿನ ಪಟ್ಟಿ ಕೆಟ್ಟುಹೋಗಿ ಕುರುಡಾಗಿತ್ತು. ರಿಪೇರಿ ಮಾಡುವವರು ಕಲಬುರಗಿಯಲ್ಲೂ ಸಿಗಲಿಲ್ಲ, ಹೈದರಾಬಾದಿನಲ್ಲೂ ಸಿಗಲಿಲ್ಲ. ಮೂಲೆಗೆ ಸರಿಸಿ ಬಟ್ಟೆ ಹೊದಿಸಿಟ್ಟಿದ್ದರು.

ಆಗ ಗುಲಫಶಾ ಬಂದಳು. ಶಹಾಪುರದವಳೇ, ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು. ಬಂದ ವಾರದಲ್ಲೇ ಯಂತ್ರದ ಬಟ್ಟೆ ಸರಿಸಿ, ಹಿಂದೆ ಬಗ್ಗಿ ನೋಡಿ, "ಅಕ್ಕಾ, ಇದರ ಬೆನ್ನಿಗೆ ಪ್ಯಾರಲಲ್ ಪೋರ್ಟ್ ಐತಿ! ಹಳೀ ಪ್ರಿಂಟರಿಗೆ ಇರ್ತಿತ್ತಲ್ಲ, ಅಂಥಾದ್ದು. ಕಂಪ್ಯೂಟರಿಗೆ ಜೋಡಿಸಿದ್ರ ಅಂಕಿ ಅಲ್ಲೇ ಬರ್ತಾವ," ಎಂದು ಕೂಗಿದಳು. ಕೇಂದ್ರದ ಹಳೆಯ ಕಂಪ್ಯೂಟರಿಗೂ ಅಂಥದೇ ಅಗಲವಾದ ಕಿಂಡಿ ಇತ್ತು. ದಪ್ಪ ಮೂತಿಯ ಕೇಬಲ್ಲೊಂದನ್ನು ಹುಡುಕಿ ತಂದು ಎರಡಕ್ಕೂ ಸಿಕ್ಕಿಸಿ, ಯಂತ್ರದ ಜೊತೆ ಬಂದಿದ್ದ ಪ್ರೋಗ್ರಾಮನ್ನು ಹಾಕಿದಳು. ಕಪ್ಪು ಪರದೆಯ ಮೇಲೆ ಹಸಿರು ಅಂಕಿಗಳು ಮೂಡಿದವು. ಕೇಂದ್ರದ ಮುಖ್ಯಸ್ಥ ಬಸವಕುಮಾರ ಕೂಡಲೇ ಪೇಢೆ ತರಿಸಿದ.

ಶಿವಬಸಮ್ಮನೂ ಒಂದು ಪೇಢೆ ತಿಂದಳು. ತಿಂದು, ಸಿಂಕಿನ ಕಡೆ ತಿರುಗಿ ಟ್ಯೂಬು ತೊಳೆಯತೊಡಗಿದಳು.

ಅವತ್ತಿನಿಂದ ಕೇಂದ್ರಕ್ಕೆ ಬರುವ ಜನ ಗುಲಫಶಾಳನ್ನೇ ಹುಡುಕುತ್ತ "ಕಂಪ್ಯೂಟರ್ ಬಾಯೇರು ಅದಾರೇನ್ರಿ?" ಎಂದು ಕೇಳತೊಡಗಿದರು. ನೀರು ತಂದವರು ನಿಂತು ನೋಡುವುದು ಪರದೆಯನ್ನು. ಕೈ ಮುಗಿಯುವುದು ಪರದೆಯ ಮುಂದೆ ಕೂತವಳಿಗೆ. ದ್ರಾವಣ ಬೆರೆಸುವವಳು ಸಿಂಕಿನ ಕಡೆ ಮುಖ ಮಾಡಿ ನಿಂತಿರುತ್ತಾಳೆ. ಅವರಿಗೆ ಕಾಣುವುದು ಅವಳ ಬೆನ್ನು. ಒಮ್ಮೆ ಪತ್ರಿಕೆಯವರು ಬಂದು ಫೋಟೊ ತೆಗೆದರು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಕೊಂಡು ಬಿಡಿಸಿದರೆ, ಗುಲಫಶಾ ನಗುತ್ತ ಕೂತಿದ್ದಾಳೆ, ಅವಳ ಹಿಂದೆ ಬಸವಕುಮಾರ. ಅಂಚಿನಲ್ಲಿ ಹಸಿರು ಬಳೆಯ ಒಂದು ಮೊಣಕೈ. ಆ ಮೊಣಕೈ ಶಿವಬಸಮ್ಮನದು.

"ನಿನ್ನ ಕೈ ಭಾರಿ ಬಂದೈತಿ," ಎಂದ ಗಂಡ ಸೂಗಪ್ಪ. ಸುರಪುರದಲ್ಲಿ ಹಗ್ಗ, ಕೊಡ, ಬುಟ್ಟಿ ಮಾರುವ ಸಣ್ಣ ಅಂಗಡಿ ಅವನದು. ನಗಿಸಲು ಹೇಳಿದ ಮಾತು. ಶಿವಬಸಮ್ಮ ಪೇಪರನ್ನು ಮಡಚಿ ಅವನ ತಟ್ಟೆಯ ಕೆಳಗಿಟ್ಟು ಅನ್ನ ಬಡಿಸಿದಳು.

ಗುಲಫಶಾ ಮಾಡುವುದೆಲ್ಲ ಅವಳಿಗೆ ಚುಚ್ಚತೊಡಗಿತು. ಕಂಪ್ಯೂಟರ್ ಶುರುವಾಗಲು ತಡವಾದರೆ ಅವಳು ಅದರ ತಲೆ ತಟ್ಟುವ ರೀತಿ. ಟಿಫಿನ್ ಬಾಕ್ಸ್ ತೆರೆದು ಮೊದಲು "ಅಕ್ಕಾ, ತಗೊ" ಎಂದು ಚಾಚುವ ರೀತಿ. ಆ 'ಅಕ್ಕಾ'ದಲ್ಲಿ ಒಂದಿಷ್ಟಾದರೂ ಸೋಗು ಇದ್ದೀತೆಂದು ಶಿವಬಸಮ್ಮ ಕಿವಿಗೊಟ್ಟು ಹುಡುಕಿದಳು. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಹೀಗೆ ವರ್ಷಗಳು ಹೋದವು. ಈಚಿನ ಒಂದು ಮಳೆಗಾಲದಲ್ಲಿ ಶಹಾಪುರದ ಗುಡ್ಡದ ಮೇಲೆ ಸಿಡಿಲು ಬಡಿದು ಕೇಂದ್ರದ ಕಂಪ್ಯೂಟರು ಸುಟ್ಟುಹೋಯಿತು. ಯಂತ್ರ ಉಳಿಯಿತು, ಪ್ರೋಗ್ರಾಮ್ ಇದ್ದ ಹಾರ್ಡ್ ಡಿಸ್ಕೂ ಉಳಿಯಿತು. ಬಸವಕುಮಾರ ಹೊಸ ಕಂಪ್ಯೂಟರ್ ತರಿಸಿದ. ಹೊಳೆಯುವ ಆ ಪೆಟ್ಟಿಗೆಗೆ ಅಗಲ ಕಿಂಡಿಯೇ ಇರಲಿಲ್ಲ. ನಡುವೆ ಸಿಕ್ಕಿಸುವ ಯುಎಸ್‌ಬಿ ಕೇಬಲ್ ತರಿಸಿದರು. ಅದು ಪ್ರಿಂಟರಿನ ಜೊತೆ ಮಾತ್ರ ಮಾತಾಡಿತು, ಯಂತ್ರದ ಜೊತೆ ಮಾತಾಡಲಿಲ್ಲ.

"ಹಳೀ ಕಂಪ್ಯೂಟರೇ ಬೇಕ್ರಿ ಸರ್," ಎಂದಳು ಗುಲಫಶಾ. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಮನೆಯಿಂದ ಫೋನ್ ಬಂತು. ತಾಯಿಗೆ ಹೈದರಾಬಾದಿನಲ್ಲಿ ಕಣ್ಣಿನ ಆಪರೇಶನ್. ಅದೇ ದಿನ ಹೊರಡಬೇಕಿತ್ತು. ಹೊರಡುವ ಗಡಿಬಿಡಿಯಲ್ಲೂ ಶಿವಬಸಮ್ಮನ ಬಳಿ ಬಂದು, "ಅಕ್ಕಾ, ಬಾ, ಜೋಡಿಸೂದು ಹೆಂಗ ಅಂತ ಒಂದು ಸಲ ತೋರಿಸಿ ಹೋಗ್ತೀನಿ," ಎಂದಳು.

"ನನಗೆಲ್ಲ ಗೊತ್ತೈತಿ. ಇಷ್ಟ ದಿನ ನೋಡಿಲ್ಲೇನು? ನೀ ಹೋಗಿ ನಿಮ್ಮ ಅಮ್ಮೀನ್ನ ನೋಡ್ಕೊ," ಎಂದಳು ಶಿವಬಸಮ್ಮ.

ಅವಳು ಆಟೋ ಹತ್ತಿದ್ದೇ ತಡ, ಶಿವಬಸಮ್ಮ ಬಸವಕುಮಾರನ ಕೋಣೆಗೆ ಹೋದಳು. "ಸರ್, ಕಂಪ್ಯೂಟರ್ ನಾನ ಹುಡುಕಿ ತರ್ತೀನ್ರಿ. ನಾನ ಜೋಡಸ್ತೀನ್ರಿ."

ಬಸವಕುಮಾರ ಕನ್ನಡಕದ ಮೇಲಿಂದ ನೋಡಿದ. "ಗುಲಫಶಾ ಬರೂ ತನಕಾ ತಡೀಬಹುದಲ್ರಿ?"

"ಬಾಟ್ಲಿ ಸಾಲಾಗಿ ನಿಂತಾವ್ರಿ. ಜನ ಕಾಯಾಕತ್ತಾರ."

ಅದು ನಿಜವೇ. ಆದರೆ ಶಿವಬಸಮ್ಮನನ್ನು ಎಬ್ಬಿಸಿ ನಿಲ್ಲಿಸಿದ್ದು ಜನರಲ್ಲ.

ಮರುದಿನ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಯಾದಗಿರಿಯ ಬಸ್ಸು ಹತ್ತಿದಳು. ದೋರನಹಳ್ಳಿಯಲ್ಲಿ ಬಸ್ಸು ತುಂಬಿತು. ಡಿಸ್ಕನ್ನು ಕೂಸಿನಂತೆ ಎದೆಗೆ ಒತ್ತಿಕೊಂಡೇ ಕೂತಳು. ಸ್ಟೇಶನ್ ರಸ್ತೆಯಲ್ಲಿ ಅಲ್ಲಾಬಕ್ಷನ ಅಂಗಡಿ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ, ಕೂಡಿಸಿ ಮಾರುವವನು. ಗೋಡೆಗೆ ಒತ್ತಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿದ್ದ.

"ಬರ್ರಿ ಅಕ್ಕಾರ, ಶಹಾಪುರದಾಗಿಂದ ಬಂದ್ರೇನು?" ಎಂದ ಅವಳು ಬಾಯಿ ತೆರೆಯುವ ಮೊದಲೇ. "ಗುಲಫಶಾ ಆಪಾ ಹೈದರಾಬಾದಿಲಿಂದ ಫೋನ್ ಮಾಡಿದ್ರು. ನೀವು ಬಂದ್ರೂ ಬರಬಹುದು, ಒಂದು ಮಶೀನ್ ತೆಗೆದಿಡು ಅಂದ್ರು. ಇಟ್ಟೀನಿ ನೋಡ್ರಿ."

ಅವನು ತೋರಿಸಿದ್ದು ಹಳದಿಗಟ್ಟಿದ, ಮುಂದಿನ ಮುಚ್ಚಳ ಮುರಿದ, ಅಂಗಡಿಯಲ್ಲೇ ಎಲ್ಲಕ್ಕಿಂತ ಮುದಿಯಾದ ಪೆಟ್ಟಿಗೆ.

ಶಿವಬಸಮ್ಮನ ಕಿವಿ ಬಿಸಿಯಾಯಿತು. ತಾನು ಬರುತ್ತೇನೆಂದು ಅವಳಿಗೆ ಹೇಗೆ ಗೊತ್ತಾಯಿತು? ತಾಯಿಯ ಕಣ್ಣು ಕೊಯ್ಯುವ ಹೊತ್ತಿನಲ್ಲೂ ಇವಳಿಗೆ ಇದರ ಮೇಲೇ ಕಣ್ಣೇ? ಇಷ್ಟು ದೂರ ಒಬ್ಬಳೇ ಬಂದದ್ದೂ ಕಡೆಗೆ ಗುಲಫಶಾ ಕಳಿಸಿದ ಹಾಗಾಯಿತಲ್ಲ!

"ಇದಕ್ಕಿಂತ ಚಲೋದು ಇಲ್ಲೇನು?" ಎಂದಳು.

"ಐತ್ರಿ. ಇದು ನೋಡ್ರಿ, ಇದಕ್ಕೂ ಅದೇ ಪೋರ್ಟ್ ಐತಿ. ಆ ಹಳದಿ ಡಬ್ಬಿಕಿಂತ ಭಾಳ ಜೋರು ಓಡ್ತೈತಿ. ಆದ್ರ ಆಪಾ ಹಳದೀದನ್ನ ಕೊಡು ಅಂದಾರ. ಯಾಕ ಅಂತ ನನಗ ಗೊತ್ತಿಲ್ಲ."

"ಆಪಾ ಏನು, ತಗೊಳ್ಳಾಕಿ ನಾನು. ಜೋರು ಓಡೂದೇ ಕೊಡ್ರಿ."

ಅಲ್ಲಾಬಕ್ಷ ಭುಜ ಕುಣಿಸಿ ಹಾರ್ಡ್ ಡಿಸ್ಕನ್ನು ಅದಕ್ಕೇ ಹಾಕಿಕೊಟ್ಟ. ಕೊಡುವಾಗ, "ಎರಡೂ ಬಂದ್ ಇದ್ದಾಗನ ಕೇಬಲ್ ಸಿಕ್ಕಸ್ರಿ. ಪಿನ್ ಬಾಗಂಗ ಒತ್ತಬ್ಯಾಡ್ರಿ," ಎಂದು ಎರಡು ಸಲ ಹೇಳಿದ. ಭೀಮೆಯ ಸೇತುವೆ ದಾಟುವಾಗ ಕಂಡಕ್ಟರ್ ಪೆಟ್ಟಿಗೆಯನ್ನು ನೋಡಿ "ಯಾರದ್ರಿ ಇದು?" ಎಂದ. "ನಂದು," ಎಂದಳು ಶಿವಬಸಮ್ಮ. ಎಷ್ಟೋ ದಿನಗಳ ಮೇಲೆ ಅವಳ ಬಾಯಿಗೆ ಆ ಮಾತು ಸಿಹಿಯಾಗಿತ್ತು.

ಕೇಂದ್ರಕ್ಕೆ ಬಂದವಳೇ ಜೋಡಿಸಲು ಕೂತಳು. ಕೇಬಲ್ಲಿನ ಪಿನ್ನುಗಳನ್ನು ಕಿಂಡಿಯ ತೂತುಗಳಿಗೆ ಹೊಂದಿಸಿ, ಎರಡೂ ಬದಿಯ ಸ್ಕ್ರೂ ತಿರುವಿ, ಮೊದಲು ಯಂತ್ರ, ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದಳು. ಗುಲಫಶಾ ಮಾಡುತ್ತಿದ್ದುದನ್ನು ಓರೆಗಣ್ಣಿನಿಂದ ನೋಡಿ ನೋಡಿ ಅಷ್ಟು ಬಂದಿತ್ತು. ಮೊದಲು ಶುದ್ಧ ನೀರಿನ ಟ್ಯೂಬನ್ನು ಎರಡು ಸಲ ಓದಿಸುವುದು ಕೇಂದ್ರದ ವಾಡಿಕೆ. ಓದಿಸಿದಳು. ಪರದೆಯ ಮೇಲೆ ಸೊನ್ನೆ ಬಂತು, ಹಸಿರಾಗಿ, ಚೊಕ್ಕವಾಗಿ.

"ಶಿವಬಸಮ್ಮನೋರ, ನೀವು ಯಾವಾಗ ಕಲ್ತ್ರಿ ಇದನ್ನೆಲ್ಲ?" ಎಂದು ಬಸವಕುಮಾರ ಬಾಗಿಲಲ್ಲೇ ನಿಂತ.

ಮರುದಿನ ಬೆಳಿಗ್ಗೆ ಶುದ್ಧ ನೀರಿನ ಟ್ಯೂಬನ್ನು ಮತ್ತೆ ಓದಿಸಿ ಪರೀಕ್ಷೆ ಶುರು ಮಾಡಿದಳು. ಸಾಲಿನಲ್ಲಿ ಮೊದಲನೆಯದು ಬೋನಾಳದ ಕಡೆಯ ಒಂದು ಶಾಲೆಯ ಕೊಳವೆಬಾವಿಯ ನೀರು. ಶಾಲಾ ಸಮಿತಿಯ ಅಮಾತೆಪ್ಪ ಖುದ್ದಾಗಿ ಬಂದು ಕೂತಿದ್ದ. ಬಾವಿ ಹೊಸದು, ಕೇಂದ್ರದವರು ಸರಿ ಇದೆಯೆಂದರೆ ಮಕ್ಕಳಿಗೆ ನಳ ಬಿಡುವುದಿತ್ತು. ಶಿವಬಸಮ್ಮ ದ್ರಾವಣ ಬೆರೆಸಿ, ಟ್ಯೂಬನ್ನು ಯಂತ್ರಕ್ಕೆ ಇಟ್ಟು, ಗುಲಫಶಾಳ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದಳು. ಸೊನ್ನೆ.

"ಅಗದೀ ಶುದ್ಧ ನೀರ್ರಿ," ಎಂದಳು.

ಅಮಾತೆಪ್ಪ ಎದ್ದು ಕೈ ಮುಗಿದ. ಪರದೆಯ ಮುಂದೆ ಕೂತವಳಿಗೆ ಮುಗಿಯುವ ಆ ಕೈ ಕಡೆಗೂ ತನಗೆ ಬಂತು. ಟ್ಯೂಬನ್ನು ಹೊರತೆಗೆಯುವಾಗ ಅದರ ಕೆಂಪು ತೀರ ತೆಳುವಾಗಿದೆ, ನೀರು ಬಿದ್ದ ಕುಂಕುಮದ ಹಾಗಿದೆ ಎಂದು ಅವಳ ಕಣ್ಣು ಹೇಳಿತು. ಹೇಳಿದ್ದು ಅವಳಿಗೆ ಕೇಳಿಸಿತು. ಆದರೆ ಆ ಹೊತ್ತಿನಲ್ಲಿ ಅದನ್ನು ಕೇಳುವುದು ಅವಳಿಗೆ ಬೇಕಿರಲಿಲ್ಲ. ಮುಂದಿನ ಬಾಟಲಿ ಎತ್ತಿಕೊಂಡಳು. ದೋರನಹಳ್ಳಿಯ ಒಬ್ಬ ರೈತನ ಹೊಲದ ನೀರು. ಮೂರರ ಮೇಲೆ ತೋರಿಸಿತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೇ ಕುಡಿಯಬಾರದು. "ಇದು ಬ್ಯಾಡ್ರಿ," ಎಂದು ಅವನನ್ನು ಕಳಿಸಿದಳು.

ಮಧ್ಯಾಹ್ನ ಊಟ ಮುಗಿಸಿ ಟ್ಯೂಬು ತೊಳೆಯಲು ಕಿಟಕಿಯ ಬಳಿ ಬಂದಳು. ಬೆಳಿಗ್ಗೆಯ ಟ್ಯೂಬುಗಳು ಬಿಸಿಲಿಗೆ ಸಾಲಾಗಿ ನಿಂತಿದ್ದವು. ಬಿಸಿಲಿನಲ್ಲಿ ಕಣ್ಣಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಸೊನ್ನೆ ಎಂದ ಶಾಲೆಯ ಟ್ಯೂಬು ಎಲ್ಲಕ್ಕಿಂತ ತೆಳು. ಮೂರರ ಮೇಲೆ ಎಂದ ದೋರನಹಳ್ಳಿಯ ಟ್ಯೂಬು ಗಾಢ ಕೆಂಪು.

ಕೈಯಲ್ಲಿದ್ದ ಬ್ರಷ್ ಸಿಂಕಿಗೆ ಬಿತ್ತು. ಶಾಲೆಯ ಬಾಟಲಿಯಲ್ಲಿ ಉಳಿದ ನೀರಿಗೆ ಹೊಸದಾಗಿ ದ್ರಾವಣ ಬೆರೆಸಿ ಯಂತ್ರಕ್ಕೆ ಇಟ್ಟಳು. ಸಂಬಂಧವೇ ಇಲ್ಲದ ಒಂದು ಸಣ್ಣ ಅಂಕಿ ಬಂತು. ತೆಗೆಯದೆ ಇನ್ನೊಮ್ಮೆ ಗುಂಡಿ ಒತ್ತಿದಳು. ಈಗ ಮೂರರ ಮೇಲೆ. ಇನ್ನೂ ಒಮ್ಮೆ ಒತ್ತಿದಳು; ಅದೇ. ದೋರನಹಳ್ಳಿಯದನ್ನು ಇಟ್ಟರೆ ಮೊದಲು ಮೂರರ ಮೇಲೆ, ಎರಡನೆಯ ಸಲ ಅರ್ಧಕ್ಕೂ ಕಡಿಮೆ. ಅಂಕಿಗಳೆಲ್ಲ ಸರಿಯೇ ಇದ್ದವು. ಆದರೆ ಪ್ರತಿ ಟ್ಯೂಬಿಗೂ ಅದರ ಹಿಂದಿನ ಟ್ಯೂಬಿನ ಅಂಕಿ ಬರುತ್ತಿತ್ತು. ಶುದ್ಧ ನೀರಿನ ಸೊನ್ನೆ ಶಾಲೆಗೆ ಹೋಗಿತ್ತು. ಶಾಲೆಯ ಕೆಟ್ಟ ನೀರು ಪಾಪದ ರೈತನ ಲೆಕ್ಕಕ್ಕೆ ಬಿದ್ದಿತ್ತು.

ಫೋನ್ ಕೈಗೆ ತೆಗೆದುಕೊಂಡು ಗುಲಫಶಾಳ ಹೆಸರಿನ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಯಾರಿಗೂ ಹೇಳದೆ ಎಲ್ಲವನ್ನೂ ಎರಡೆರಡು ಸಲ ಓದಿಸಿದರಾಯಿತು. ನಾಳೆ ಶಾಲೆಗೆ ಏನಾದರೊಂದು ನೆಪ ಹೇಳಿದರಾಯಿತು ಎಂದುಕೊಂಡಳು. ಆದರೆ ನಾಳೆಯ ಹೊತ್ತಿಗೆ ಮಕ್ಕಳು ಆ ನಳಕ್ಕೆ ಬಾಯಿ ಹಚ್ಚಿರುತ್ತಾರೆ. ನೆಪ ನಂಬದಿದ್ದರೆ ವರ್ಷಗಟ್ಟಲೆ ಹಚ್ಚುತ್ತಾರೆ. ಬೆರಳು ಒತ್ತಿತು.

ಗುಲಫಶಾ ಆಸ್ಪತ್ರೆಯ ವರಾಂಡದಲ್ಲಿದ್ದಳು. ಹಿಂದೆ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಅಲ್ಲಾಬಕ್ಷ ಹಳದಿ ಡಬ್ಬಿ ಕೊಡ್ಲಿಲ್ಲೇನು?" ಎಂದಳು.

"ಕೊಟ್ಟಿದ್ದ. ನಾನ ಬ್ಯಾಡ ಅಂದೆ. ಜೋರು ಓಡೂದು ತಂದೆ."

ಗುಲಫಶಾ ಟೋಕನ್ ಕೂಗುವ ಸದ್ದಿನಿಂದ ದೂರ ಸರಿದು, "ಅದಕ್ಕ ಹಂಗಾಗಾಕತ್ತೈತಿ ಅಕ್ಕಾ. ಆ ಪ್ರೋಗ್ರಾಮ್ ಮುದಿ ಕಂಪ್ಯೂಟರಿಗಂತ ಬರೆದಿದ್ದು. ಯಂತ್ರ ಲೆಕ್ಕಾ ಮುಗಿಸೂದ್ರಾಗ ಈ ಜೋರು ಕಂಪ್ಯೂಟರ್ ಅವಸರ ಮಾಡಿ ಹಿಂದಿನ ಉತ್ತರಾನ ಎತ್ಕೊಂಡು ಬರ್ತೈತಿ. ನಿನಗ ಕಾರಣ ಹೇಳಿ ಹೋಗಬೇಕಿತ್ತು ನಾನು. ತಪ್ಪಾತು," ಎಂದಳು.

ತಪ್ಪಾಯಿತು ಎಂದು ಅವಳೇ ಹೇಳಬೇಕೇ! ಶಿವಬಸಮ್ಮನಿಗೆ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಬಸವಕುಮಾರನಿಗೆ ಅಂಕಿಗಳು ಅದಲುಬದಲಾದದ್ದನ್ನು ಹೇಳಿದಳು. ಕಂಪ್ಯೂಟರ್ ಆರಿಸಿದ ಕತೆ ಹೇಳಲಿಲ್ಲ. ಅವನು ಬೆಳಿಗ್ಗೆ ಬಂದವರಿಗೆಲ್ಲ ಫೋನ್ ಮಾಡಲು ಕೂತ. ಅಮಾತೆಪ್ಪನ ಫೋನು ಹತ್ತಲಿಲ್ಲ. ಶಿವಬಸಮ್ಮ ಸುರಪುರದ ಬಸ್ಸು ಹಿಡಿದಳು. ಇಳಿದವಳೇ ಅಂಗಡಿಗೆ ಹೋಗಿ, "ಗಾಡಿ ತೆಗೀರಿ, ಬೋನಾಳದ ಕಡೆ ಹೋಗಬೇಕು," ಎಂದು ಸೂಗಪ್ಪನನ್ನು ಎಬ್ಬಿಸಿದಳು. ಅವಳ ಮುಖ ನೋಡಿ ಅವನು ಅಂಗಡಿಯ ಬಾಗಿಲೆಳೆದು ಗಾಡಿ ತೆಗೆದ. ಕೆರೆಯ ಏರಿಯ ಪಕ್ಕ ಹಾಯುವಾಗ ಕೊಕ್ಕರೆಗಳು ಗೂಡಿಗೆ ಮರಳುತ್ತಿದ್ದವು.

ಶಾಲೆಯ ಅಂಗಳದಲ್ಲಿ ನಳಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದರು. ತೆಂಗಿನಕಾಯಿ ಒಡೆದ ನೀರು ಇನ್ನೂ ಆರಿರಲಿಲ್ಲ. ಅಮಾತೆಪ್ಪ ಕಟ್ಟೆಯ ಮೇಲೆ ಕೂತಿದ್ದ.

"ನಳ ಬಂದ್ ಮಾಡಸ್ರಿ. ಈ ನೀರು ಕುಡ್ಯಾಕ ಬರಂಗಿಲ್ಲ," ಎಂದಳು ಶಿವಬಸಮ್ಮ.

"ಮುಂಜಾನಿ ಶುದ್ಧ ಅಂದ್ರಿ, ಸಂಜಿಗಿ ಬರಂಗಿಲ್ಲ ಅಂತೀರಿ. ಹುಡುಗಾಟ ನಡಸೀರೇನು?"

"ಅಂಕಿ ತಪ್ಪು ಬಂದಿತ್ರಿ. ತಪ್ಪು ನಂದು."

ಅಮಾತೆಪ್ಪ ಎದ್ದ. ಮಾಲೆಯನ್ನು ಎಳೆದು ಕೆಳಗೆ ಹಾಕಿದ. "ಆ ಕಂಪ್ಯೂಟರ್ ಬಾಯೇರು ಇದ್ದಿದ್ರ ಹಿಂಗ ಆಗ್ತಿತ್ತೇನ್ರಿ?"

ಸೂಗಪ್ಪ ಗಾಡಿಯ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದ. ಶಿವಬಸಮ್ಮ ಅವನನ್ನು ಕಣ್ಣಿನಲ್ಲೇ ತಡೆದಳು.

"ಆಗ್ತಿರಲಿಲ್ರಿ," ಎಂದಳು.

ಅಷ್ಟು ಕೇಳಿದ ಮೇಲೆ ಅಮಾತೆಪ್ಪನ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ತಾನೇ ಹೋಗಿ ಪೈಪಿನ ವಾಲ್ವ್ ತಿರುವಿದ. "ಚಾ ಕುಡದು ಹೋಗ್ರಿ. ಇಷ್ಟು ದೂರ ಬಂದೀರಿ," ಎಂದ. ಹಿಂದಿರುಗುವಾಗ ಗಾಡಿಯ ಹಿಂದೆ ಕೂತು ಶಿವಬಸಮ್ಮ ಅತ್ತಳು. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದು ಗಂಡ ತಿಳಿದರೆ ಒಳ್ಳೆಯದೆಂದುಕೊಂಡಳು. ಅವನು ಸುರಪುರದವರೆಗೂ ಗಾಡಿಯನ್ನು ನಿಧಾನವಾಗಿಯೇ ಓಡಿಸಿದ.

ಮರುದಿನ ಅವಳೇ ಯಾದಗಿರಿಗೆ ಹೋಗಿ ಪೆಟ್ಟಿಗೆ ಬದಲಿಸಿಕೊಂಡು ಬಂದಳು. ಅಲ್ಲಾಬಕ್ಷ ಹಾರ್ಡ್ ಡಿಸ್ಕನ್ನು ಹಳದಿ ಪೆಟ್ಟಿಗೆಗೆ ಹಾಕಿಕೊಟ್ಟ. ಹಳದಿ ಪೆಟ್ಟಿಗೆ ಜೋಡಿಸಿದ ಮೇಲೆ ಪ್ರತಿ ಟ್ಯೂಬಿಗೂ ಅದರದೇ ಅಂಕಿ ಬಂತು, ತಡವಾಗಿ, ಮುದುಕರು ಮೆಟ್ಟಿಲು ಹತ್ತಿದ ಹಾಗೆ.

ಗುಲಫಶಾ ಬಂದ ದಿನ ಬಸವಕುಮಾರ ಇಬ್ಬರನ್ನೂ ಕರೆದು, ಆದದ್ದು ಯಾಕಾಯಿತೆಂದು ಕೇಳಿದ. ಈಗ ಹೇಳುತ್ತಾಳೆ ಎಂದು ಶಿವಬಸಮ್ಮ ಹಲ್ಲು ಕಚ್ಚಿ ನಿಂತಳು.

"ಹಳೀ ಪ್ರೋಗ್ರಾಮ್ ಐತ್ರಿ ಸರ್, ಎಲ್ಲಾ ಕಂಪ್ಯೂಟರಿಗೂ ಹೊಂದಂಗಿಲ್ಲ," ಎಂದಳು ಗುಲಫಶಾ. "ಅಕ್ಕ ಇದ್ರು ಅಂತ ತಪ್ಪು ಸಿಕ್ತು. ನಾ ಇದ್ದಿದ್ರ ಪರದಿ ಬಿಟ್ಟು ಟ್ಯೂಬ್ ನೋಡ್ತಾನ ಇರಲಿಲ್ಲ. ನನಗೂ ಅಕ್ಕನ ಕಡಿಂದ ದ್ರಾವಣದ ಕೆಲಸ ಕಲಸ್ರಿ ಸರ್. ಅಕ್ಕನೂ ಪ್ರೋಗ್ರಾಮ್ ಕಲೀಲಿ."

ಬಸವಕುಮಾರ ಒಪ್ಪಿದ. ಹೊರಗೆ ಬಂದ ಶಿವಬಸಮ್ಮನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಕಂಪ್ಯೂಟರು ಅವಳದು, ಫೋಟೊ ಅವಳದು. ಈಗ ದೊಡ್ಡ ಮನಸ್ಸೂ ಅವಳದೇ. ತನ್ನ ಪಾಲಿಗೆ ಏನುಳಿಯಿತು? ದ್ರಾವಣ ಒಂದು ಉಳಿದಿತ್ತು. ಅದನ್ನೂ ಈಗ ಕಲಿಸಬೇಕು.

ಕಲಿಸಿದಳು. ಕೈ ಪಳಗಲು ತನಗೆ ಒಂದು ಮಳೆಗಾಲವೇ ಬೇಕಾಗಿತ್ತು. ಇವಳಿಗೂ ಬೇಕಾದೀತೆಂದು ಒಳಗೊಳಗೇ ಎಣಿಸಿದ್ದಳು. ಗುಲಫಶಾ ನಾಲಿಗೆಯ ತುದಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು ಮೊದಲ ಟ್ಯೂಬಿಗೆ ಹನಿ ಬಿಟ್ಟಳು. ಅಲ್ಲಾಡಿಸಿ ಚಾಚಿದಳು.

"ಸರಿ ಐತೇನಕ್ಕಾ?"

ಶಿವಬಸಮ್ಮ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆಂಪು ಎಷ್ಟಿರಬೇಕೋ ಅಷ್ಟೇ ಇತ್ತು. ತಪ್ಪಿದೆ ಎಂದರೆ ನಂಬುವವಳು ಎದುರಿಗೆ ನಿಂತಿದ್ದಳು. ಮತ್ತೆ ಮಾಡು ಎಂದರೆ ಮಾಡುವವಳು. ಶಿವಬಸಮ್ಮ ಟ್ಯೂಬನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಇದ್ದಳು.

"ಸರಿ ಐತಿ," ಎಂದಳು ಕಡೆಗೆ. ಆಮೇಲೆ ಗುಲಫಶಾಳ ಬರಿಗೈ ಕಂಡು ಗದರಿದಳು. "ಇದರಾಗ ಆ್ಯಸಿಡ್ ಐತಿ, ಗೊತ್ತಿಲ್ಲೇನು? ಗ್ಲೌಸ್ ಹಾಕ್ಕೊ ಮೊದಲ. ಬೆರಳು ಸುಟ್ಟುಕೊಂಡು ಕೂತ್ರ ಆ ಕಂಪ್ಯೂಟರಿನ ಗುಂಡಿ ಯಾರು ಒತ್ತಬೇಕು?"

ಗುಲಫಶಾ ನಕ್ಕು ಗ್ಲೌಸ್ ಹುಡುಕಿದಳು. ಶಿವಬಸಮ್ಮ ಇನ್ನೊಂದು ಟ್ಯೂಬನ್ನು ಅವಳ ಮುಂದೆ ಸರಿಸಿಟ್ಟಳು.